ಗಿರಿಜಾ ಆಡದ ಮಾತು

ಗಿರಿಜಾ, ಆ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನೀನು ಆಡಿದ ಮಾತು ಒಂದು, ನಾನು ಅವರಿಗೆ ತೆಲುಗಿನಲ್ಲಿ ತಿಳಿಸಿದ್ದು ಇನ್ನೊಂದು. ನೀನು ತಪ್ಪು ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡಳು ಎಂದು ನಾನು ಹೇಳಿದೆ. ನಿನ್ನ ಬರಹವನ್ನು ಪತ್ರಿಕೆಗೆ ಕಳಿಸಿದವನೂ ನಾನೇ. ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದೂ ಇಷ್ಟು ವರ್ಷ ನೀನು ಯಾರ ಮುಂದೂ ನನ್ನ ಹೆಸರು ಎತ್ತಲಿಲ್ಲ ಎಂಬುದು ಮಾತ್ರ ನನಗೆ ಈಚೆಗೆ ತಿಳಿಯಿತು — ಗದ್ವಾಲಿನಲ್ಲಿ, ನಿನ್ನ ಸೋದರಮಾವನ ಬಾಯಿಂದ.

ಇದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಅದರ ಅಗತ್ಯವಿಲ್ಲ. ಆದರೆ ಈ ಬರಹ ನಿನ್ನೊಬ್ಬಳ ಕೈಯಲ್ಲೇ ಉಳಿಯಬಾರದು, ಬೇರೆಯವರೂ ಓದಬೇಕು, ಓದಿದವರಿಗೆ ಯಾರು ಏನು ಮಾಡಿದರು ಎಂದು ಸಂದೇಹ ಬರಬಾರದು. ತರಗತಿಯಲ್ಲಿ ನಾನು ನಿಮಗೆ ಕಲಿಸಿದ್ದೂ ಅದನ್ನೇ ಅಲ್ಲವೇ — ಯಾರು, ಏನು, ಎಲ್ಲಿ. ಕಲಿಸುವುದು ಸುಲಭದ ಕೆಲಸ.

ತೆಲಂಗಾಣದ ನಾರಾಯಣಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪಬ್ಲಿಕ್ ರಿಲೇಷನ್ಸ್ ಪಾಠ ಮಾಡುತ್ತೇನೆ. ಆಗಲೂ ಮಾಡುತ್ತಿದ್ದೆ, ಈಗಲೂ ಅದೇ. ಬೆಳಿಗ್ಗೆ ಮಕ್ತಲ್‌ನಿಂದ ಬಸ್ಸು, ಸಂಜೆ ಮಕ್ತಲ್‌ಗೆ ಬಸ್ಸು. ಅತಿಥಿ ಉಪನ್ಯಾಸಕ ಎಂದು ಹೆಸರು — ಒಂದೇ ಮನೆಯಲ್ಲಿ ಇಷ್ಟು ವರ್ಷ ಅತಿಥಿಯಾಗಿಯೇ ಉಳಿದವನು ನಾನೊಬ್ಬನೇ ಇರಬೇಕು. ಪ್ರತಿ ವರ್ಷ ಕಾಲೇಜು ತೆರೆಯುವ ಮುಂಚೆ ಮತ್ತೆ ಕರೆ ಬರುತ್ತದೋ ಇಲ್ಲವೋ ಎಂದು ಫೋನ್ ನೋಡುತ್ತಾ ಕೂರುವುದು. ಈ ಕಾಯುವಿಕೆ ಮನುಷ್ಯನನ್ನು ಒಳಗೊಳಗೇ ಸವೆಸಿಬಿಡುತ್ತದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ — ಅಥವಾ ಹೇಳುತ್ತಿದ್ದೇನೇನೋ. ಓದುವಾಗ ಇದನ್ನು ಬಿಟ್ಟುಬಿಡು.

ನಮ್ಮ ಕಡೆ ಪ್ರೆಸ್ ನೋಟ್ ಬರೆಯುವ ಒಂದು ರೂಢಿ ಇದೆ. ಮೊದಲು ಮುಖ್ಯ ಅತಿಥಿಯ ಹೆಸರು, ಆಮೇಲೆ ಗೌರವ ಅತಿಥಿ, ವಿಶೇಷ ಅತಿಥಿ, ಸ್ವಾಗತ ಮಾಡಿದವರು, ವಂದನೆ ಹೇಳಿದವರು. ಸುದ್ದಿ ಪಾಪ ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತಿರುತ್ತದೆ. ಇದನ್ನು ತಿದ್ದಬೇಕು ಎಂದು ನನಗೆ ಹಟವಿತ್ತು. ಮೊದಲ ಸಾಲಿನಲ್ಲೇ ಸುದ್ದಿ ಇರಲಿ, ವಿಶೇಷಣಗಳನ್ನು ಕಿತ್ತುಹಾಕಿ, ಒಬ್ಬ ಮನುಷ್ಯ ಮಾತಾಡಲಿ, ಅವನ ಮಾತು ಅವನ ಬಾಯಿಂದ ಬಂದ ಹಾಗೇ ಇರಲಿ, ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕಬೇಡಿ — ಎಷ್ಟು ಸಲ ಹೇಳಿದ್ದೆ! ಕೊನೆಗೆ ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದೆ: ನಿಮ್ಮ ನೋಟ್ ಕೈಗೆ ಬಂದ ವರದಿಗಾರ ಒಂದಕ್ಷರವನ್ನೂ ಬದಲಿಸುವ ಹಾಗಿರಬಾರದು. ಆ ಮಾತು ಹೇಳುವಾಗ ನನ್ನ ದನಿ ಏರುತ್ತಿತ್ತು, ನನಗೇ ಕೇಳಿಸುವಷ್ಟು.

ನಿಮ್ಮ ತರಗತಿಯಲ್ಲಿ ಅದನ್ನು ಕಿವಿಗೆ ಹಾಕಿಕೊಂಡವಳು ನೀನೊಬ್ಬಳು. ನೇಕಾರರ ಓಣಿಯ ಹುಡುಗಿ. ತಂದೆ ಇಲ್ಲ, ನೀನೂ ನಿನ್ನವ್ವನೂ ಸೋದರಮಾವ ಸಿದ್ರಾಮಪ್ಪನ ಮನೆಯಲ್ಲೇ ಇದ್ದವರು. ಹಾಜರಿ ಕೂಗುವಾಗ ನೀನು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದೆ, ವರಾಂಡದಲ್ಲಿ ಸಿಕ್ಕರೆ ಕನ್ನಡ. ನಿನಗೂ ನನಗೂ ಮನೆಯ ಮಾತು ಅದೇ. ಬೇರೆ ಮಕ್ಕಳು ‘ಸಾರ್’ ಎಂದರೆ ನೀನು ‘ಸರ್, ಉಂಡ್ರೇನ್ರಿ’ ಎಂದು ಕೇಳುತ್ತಿದ್ದೆ. ಅಷ್ಟೇ ಸಾಕಾಗಿತ್ತು ನನಗೆ, ಊರಿನ ಯಾರೋ ಸಿಕ್ಕ ಹಾಗೆ.

ಆ ಸಲ ಕೊಟ್ಟ ಅಭ್ಯಾಸ ಹೀಗಿತ್ತು: ನಿಮ್ಮ ಓಣಿಯ ಜನ ಒಂದು ನಿರ್ಧಾರ ತೆಗೆದುಕೊಂಡರು ಎಂದು ಕಲ್ಪಿಸಿಕೊಳ್ಳಿ, ಅದರ ಪ್ರೆಸ್ ನೋಟ್ ತೆಲುಗಿನಲ್ಲಿ ಬರೆಯಿರಿ. ನಿರ್ಧಾರ ಕಲ್ಪನೆಯದಾಗಲಿ, ಆದರೆ ಮನುಷ್ಯರು ನಿಜದವರಿರಲಿ, ಅವರನ್ನು ಕೇಳಿಯೇ ಹೆಸರು ಹಾಕಿ. ಬಹಳ ಜನ ರಸ್ತೆ, ಚರಂಡಿ, ನೀರು ಎಂದು ಬರೆದುಕೊಂಡು ಬಂದರು. ನೀನು ಬರೆದದ್ದು — ನಿಮ್ಮ ಓಣಿಯ ನೇಕಾರರು ಇನ್ನು ಮುಂದೆ ಪ್ರತಿ ಸೀರೆಗೂ ನೇಯ್ದವರ ಹೆಸರಿನ ಚೀಟಿ ಕಟ್ಟುತ್ತಾರೆ, ಆ ಚೀಟಿ ಕಿತ್ತು ಮಾರುವ ವ್ಯಾಪಾರಿಗೆ ಸೀರೆ ಕೊಡುವುದಿಲ್ಲ ಎಂದು. ಅದರ ಕೆಳಗೆ ಹಿರಿಯ ನೇಕಾರ ಸಿದ್ರಾಮಪ್ಪನವರ ಮಾತು: ‘ನನ್ನ ಸೀರೆ ಹೈದರಾಬಾದ್‌ಗೆ ಹೋಗುತ್ತದೆ, ಮದುವೆಗೆ ಹೋಗುತ್ತದೆ, ನಾನು ಮಾತ್ರ ಈ ಗುಂಡಿಯಲ್ಲೇ ಕಾಲು ಇಟ್ಟುಕೊಂಡು ಕೂತಿರುತ್ತೇನೆ. ಹೆಸರಾದರೂ ಹೋಗಲಿ.’

ಓದಿದಾಗ ಮಗ್ಗದ ಗುಂಡಿಯಲ್ಲಿ ಕೂತ ಮನುಷ್ಯ ಎದ್ದು ಬಂದು ನನ್ನ ಮುಂದೆ ಮಾತಾಡಿದ ಹಾಗಿತ್ತು. ನಾನು ಬರೆದ ಎಷ್ಟೋ ನೋಟುಗಳಲ್ಲಿ ಒಂದರಲ್ಲೂ ಹಾಗೆ ಯಾರೂ ಮಾತಾಡಿರಲಿಲ್ಲ. ನಿಜ ಹೇಳಲೇ? ಸಂತೋಷದ ಜೊತೆ ಸ್ವಲ್ಪ ಹೊಟ್ಟೆಯೂ ಉರಿದಿತ್ತು.

ನಿನ್ನ ಬರಹದ ನೆತ್ತಿಯ ಮೇಲೆ ಒಂದು ಸಾಲಿತ್ತು — ‘ತರಗತಿಯ ಅಭ್ಯಾಸಕ್ಕೆ ಮಾತ್ರ, ಪ್ರಕಟಣೆಗೆ ಅಲ್ಲ’. ನಾನು ಅದನ್ನು ತೆಗೆ ಎಂದೆ. ನೀನು ತಡೆದೆ. ಮಾವನಿಗೆ ಓದಿ ಹೇಳಿದಾಗ ಅವರು ನಕ್ಕು, ಕಾಲೇಜಿಗಾದರೆ ಬರಿ, ಪೇಪರಿಗೆ ಮಾತ್ರ ಬೇಡ, ನೂಲು ಕೊಡುವವರ ಕಣ್ಣಿಗೆ ಬಿದ್ದರೆ ನನ್ನ ಮಗ್ಗ ನಿಲ್ಲುತ್ತದೆ ಎಂದರಂತೆ. ಹಾಗಾಗದು ಎಂದು ನೀನು ಅವರಿಗೆ ಮಾತು ಕೊಟ್ಟಿದ್ದೆಯಂತೆ. ಅದಕ್ಕೇ ಆ ಸಾಲು. ನಾನು ಏನೆಂದೆ? ಪ್ರೆಸ್ ನೋಟಿನ ಮೇಲೆ ಅಂಥ ಸಾಲು ಇರುವುದಿಲ್ಲವಮ್ಮಾ, ರೂಪವೇ ಕೆಡುತ್ತದೆ, ಮೊದಲ ಸಾಲು ಸುದ್ದಿಯೇ ಆಗಿರಬೇಕು, ಇದು ನನ್ನ ಕೈಯಲ್ಲೇ ಇರುತ್ತದೆ ಬಿಡು. ಸಂಜೆ ನೀನು ಆ ಸಾಲು ತೆಗೆದು, ಟೈಪ್ ಮಾಡಿ ನನ್ನ ವಾಟ್ಸಾಪ್‌ಗೆ ಕಳಿಸಿದೆ.

ಈಗ ಕಾಶೀನಾಥನ ವಿಷಯ ಹೇಳಬೇಕು. ನರ್ವ ಊರಿನ ಹುಡುಗ, ಒಂದು ತೆಲುಗು ಪತ್ರಿಕೆಗೆ ನಮ್ಮ ಊರಿನ ಸುದ್ದಿ ಕಳಿಸುತ್ತಿದ್ದವನು. ಸಂಬಳವೆಂದರೆ ಹೆಸರಿಗೆ ಮಾತ್ರ. ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಹೋಟೆಲಿನಲ್ಲಿ ಕೂತು, ಬಂದ ಪ್ರೆಸ್ ನೋಟುಗಳನ್ನೆಲ್ಲ ಫೋನಿನಿಂದಲೇ ಡೆಸ್ಕಿಗೆ ದಾಟಿಸುತ್ತಿದ್ದ. ನಾನು ಪಾಠದ ಜೊತೆಗೆ ಸೀರೆ ವ್ಯಾಪಾರಿಗಳ ಸಂಘವೊಂದಕ್ಕೆ ನೋಟ್ ಬರೆದುಕೊಡುತ್ತಿದ್ದೆನಲ್ಲ — ಅದು ನಿಮಗಾರಿಗೂ ಗೊತ್ತಿರಲಿಲ್ಲ — ಅವೆಲ್ಲ ಅವನ ಫೋನಿಗೇ ಹೋಗುತ್ತಿದ್ದವು. ಪ್ರತಿ ನೋಟಿನ ಕೆಳಗೆ ನಾನು ಹಾಕುತ್ತಿದ್ದದ್ದು ಒಂದೇ ಶಬ್ದ: ‘ನೋಡ್ರಿ.’ ಆ ಶಬ್ದ ಇದ್ದರೆ ಪ್ರಕಟಿಸು ಎಂದು ಅರ್ಥ. ನಾವಿಬ್ಬರೂ ಕೂತು ಮಾಡಿಕೊಂಡ ಕರಾರೇನಲ್ಲ ಅದು. ವರ್ಷಗಟ್ಟಲೆ ಹಾಗೇ ನಡೆದು ಬಂದದ್ದು.

ಅದೇ ಕಾಶೀನಾಥ ನನ್ನ ವಿದ್ಯಾರ್ಥಿಗಳನ್ನು ಹಂಗಿಸುತ್ತಿದ್ದ. “ನಿಮ್ಮ ಹುಡುಗ್ರು ಬರ್ದಿದ್ದು ಲಗ್ನಪತ್ರಿಕಿ ಇದ್ದಂಗ ಇರ್ತೈತ್ರಿ ಸರ್,” ಎಂದು ಚಹಾ ಹೀರುತ್ತಾ ನಗುತ್ತಿದ್ದ. ಅವತ್ತು ನಿನ್ನ ಬರಹ ಬಂದ ಕೂಡಲೇ ನನಗೆ ಅವನ ನೆನಪಾಯಿತು. ಈಗ ಹೇಳು ಮಗನೇ ಎಂದುಕೊಂಡೆ. ಮಕ್ತಲ್ ಬಸ್ಸಿನ ಕಿಟಕಿ ಪಕ್ಕ ಕೂತು ನಿನ್ನ ಬರಹವನ್ನು ಅವನಿಗೆ ಫಾರ್ವರ್ಡ್ ಮಾಡಿದೆ. ಕೆಳಗೆ ಬರೆದೆ — ‘ನೋಡ್ರಿ.’

ನನ್ನ ವಿದ್ಯಾರ್ಥಿನಿಯದು, ಸುಮ್ಮನೆ ಓದು ಎಂದು ಬರೆಯಬಹುದಿತ್ತು. ಬೆರಳಿಗೆ ಅಭ್ಯಾಸವಾದದ್ದನ್ನೇ ಬೆರಳು ಬರೆಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹೌದೇ? ಆ ಶಬ್ದ ಕಳಿಸಿದ ಮೇಲೆ ಅವನು ಏನು ಮಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲವೇ? ನಾನು ಕಲಿಸಿದ ಹುಡುಗಿಯ ನೋಟ್ ಒಂದಕ್ಷರ ಬದಲಾಗದೆ ಅಚ್ಚಾಗುವುದನ್ನು ನೋಡಬೇಕು ಎಂಬ ಆಸೆ ಎಲ್ಲೋ ಒಂದು ಮೂಲೆಯಲ್ಲಿ — ಗೊತ್ತಿಲ್ಲ, ಗಿರಿಜಾ. ಗೊತ್ತಿಲ್ಲ ಎಂದು ಬರೆಯುವುದೂ ಒಂದು ಜಾಣತನವೇ. ಇತ್ತು ಎಂದೇ ಇಟ್ಟುಕೋ.

ಮರುದಿನದ ಜಿಲ್ಲಾ ಪುಟದಲ್ಲಿ ಅದು ಬಂದಿತ್ತು. ಒಂದಕ್ಷರವೂ ಬದಲಾಗಿರಲಿಲ್ಲ.

ನಿಮ್ಮ ಓಣಿಯಲ್ಲಿ ಏನಾಯಿತು ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ನಾವು ಯಾವಾಗ ಹೀಗೆ ತೀರ್ಮಾನ ಮಾಡಿದೆವು, ನಮ್ಮನ್ನು ಕೇಳದೆ ಮಾತಾಡಲು ನೀನ್ಯಾರು ಎಂದು ಓಣಿಯವರು ನಿನ್ನ ಮಾವನ ಮೇಲೆ ಎರಗಿದರು. ನೂಲು ಕೊಡುತ್ತಿದ್ದ ವ್ಯಾಪಾರಿ ಜಗಳವಾಡಲಿಲ್ಲ, ಬೈಯಲಿಲ್ಲ, ನೂಲು ಕೊಡುವುದನ್ನು ನಿಲ್ಲಿಸಿದ. ನೀನು ಎರಡು ದಿನ ತರಗತಿಗೆ ಬರಲಿಲ್ಲ. ಸಂಘದವರೊಬ್ಬರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದರು, ಇದು ನಿಮ್ಮ ಕಾಲೇಜಿನ ಹುಡುಗಿಯ ಕಿತಾಪತಿ ಎಂದು ಪ್ರಿನ್ಸಿಪಾಲರಿಗೆ ಫೋನ್ ಹೋಯಿತು.

ಕಾಶೀನಾಥ ಹೆದರಿ ನನ್ನ ಹತ್ತಿರ ಓಡಿಬಂದಿದ್ದ. ಅಭ್ಯಾಸದ್ದು ಎಂದು ತಿಳಿದ ಮೇಲೆ ತಲೆ ಚಚ್ಚಿಕೊಂಡ. ನಾಲ್ಕು ಸಾಲಿನ ತಿದ್ದುಪಡಿ ಬರೆದುಕೊಡಿ, ಹೇಗಾದರೂ ಮಾಡಿ ಹಾಕಿಸುತ್ತೇನೆ ಎಂದ. ನಾನು ಕೂತು ಬರೆಯಲು ಹೊರಟೆ. ಓಣಿಯವರು ಅಂಥ ನಿರ್ಧಾರ ಮಾಡಿಲ್ಲ, ಇದು ತರಗತಿಯ ಅಭ್ಯಾಸದ ಬರಹ — ಇಷ್ಟಾಯಿತು. ಆಮೇಲೆ, ಅದು ಪತ್ರಿಕೆಗೆ ಹೇಗೆ ಬಂತು? ಆ ಸಾಲಿಗೆ ಬಂದು ಪೆನ್ನು ನಿಂತಿತು. ನಾಳೆ ಕೊಡುತ್ತೇನೆ ಎಂದೆ. ಕೊಡಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. “ನಿಮ್ಮ ಹೆಸರು ನನ್ನ ಬಾಯಿಂದ ಬರಂಗಿಲ್ಲ ಬಿಡ್ರಿ,” ಎಂದಷ್ಟೇ ಹೇಳಿ ಹೋದ. ಆ ಮಾತಿಗೆ ನನಗೆ ಆದ ಸಮಾಧಾನ ಇದೆಯಲ್ಲ, ಅದನ್ನು ನೆನೆದರೆ ಇಂದಿಗೂ ಅಸಹ್ಯವಾಗುತ್ತದೆ. ಅವತ್ತು ಆ ನಾಲ್ಕು ಸಾಲು ಬಂದಿದ್ದರೆ ನಿನ್ನ ಮಾವನ ಮಗ್ಗ ನಿಲ್ಲುತ್ತಿರಲಿಲ್ಲವೇನೋ.

ಆಮೇಲೆ ಪ್ರಿನ್ಸಿಪಾಲರ ಕೋಣೆ. ಅವರು ವರಂಗಲ್ ಕಡೆಯವರು, ಕನ್ನಡ ಒಂದು ಶಬ್ದ ಬಾರದು. ನಿನ್ನ ಮಾವ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದರು, ಅವರನ್ನು ಒಳಗೆ ಕರೆದಿರಲಿಲ್ಲ. ಮಾತೆಲ್ಲ ತೆಲುಗಿನಲ್ಲಿ. ಪತ್ರಿಕೆಗೆ ಕಳಿಸಿದವರು ಯಾರು ಎಂದು ಅವರು ನಿನ್ನನ್ನು ಕೇಳಿದರು. ನೀನು ತೆಲುಗಿನಲ್ಲಿ ನಾನಲ್ಲ ಎಂದೆ. ನೀನಲ್ಲದಿದ್ದರೆ ಮತ್ತೆ ಯಾರು ಎಂದು ಅವರು ಮೇಜು ತಟ್ಟಿದರು. ಆಗ ನೀನು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದೆ. ದನಿ ಇಳಿಸಿ ಕನ್ನಡದಲ್ಲಿ ಹೇಳಿದೆ.

“ಸರ್, ನಾ ನಿಮಗಷ್ಟೇ ಕೊಟ್ಟಿದ್ನಲ್ರಿ. ನೀವೇ ಹೇಳ್ರಿ.”

ತೆಲುಗು ನಿನಗೆ ನೀರು ಕುಡಿದಷ್ಟು ಸಲೀಸು. ಅದೇ ಮಾತನ್ನು ತೆಲುಗಿನಲ್ಲಿ ಅವರಿಗೇ ಹೇಳಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ನೀನು ಕನ್ನಡಕ್ಕೆ ಯಾಕೆ ಹೊರಳಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಗಾಬರಿಯಲ್ಲಿ ಮನೆಯ ಮಾತು ಬಂತು ಎಂದುಕೊಂಡೆ. ಗಾಬರಿ ಅಲ್ಲ ಅದು. ಬೇರೆಯವರ ಮುಂದೆ ನನ್ನನ್ನು ಸಿಕ್ಕಿಹಾಕಿಸಲು ನಿನಗೆ ಮನಸ್ಸಾಗಲಿಲ್ಲ. ನಾನೇ ನನ್ನ ಬಾಯಿಂದ ಹೇಳಿಕೊಳ್ಳಲಿ, ನನ್ನ ಮರ್ಯಾದೆ ನನಗೆ ಉಳಿಯಲಿ ಎಂದು ದಾರಿ ಬಿಟ್ಟುಕೊಟ್ಟೆ. ಇದು ನನಗೆ ತಿಳಿಯಲು ವರ್ಷಗಳು ಬೇಕಾದವು.

ಹುಡುಗಿ ಏನನ್ನುತ್ತಿದ್ದಾಳೆ ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು.

“ತಪ್ಪಯಿಂದಿ, ಕ್ಷಮಿಂಚಂಡಿ ಅಂಟುಂದಿ ಸಾರ್,” ಎಂದೆ. ತಪ್ಪಾಯಿತು, ಕ್ಷಮಿಸಿ ಅನ್ನುತ್ತಿದ್ದಾಳೆ ಎಂದು.

ಎಷ್ಟು ಸಲೀಸಾಗಿ ಬಂತು! ತಡವರಿಸಲಿಲ್ಲ, ಬೆವರಲಿಲ್ಲ. ವರ್ಷಗಟ್ಟಲೆ ಸಂಘದ ನೋಟುಗಳಲ್ಲಿ ಯಾರೂ ಆಡದ ಮಾತನ್ನು ಯಾರ್ಯಾರದೋ ಬಾಯಿಗೆ ಹಾಕಿ, ‘ಎಂದರು’, ‘ಹರ್ಷ ವ್ಯಕ್ತಪಡಿಸಿದರು’ ಎಂದು ಬರೆದ ಕೈ ನನ್ನದು. ನಿಮಗೆ ಬೇಡ ಬೇಡ ಎಂದು ಕಲಿಸಿ, ಬಸ್ಸಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ. ಆ ಕೈಯ ಚಾಳಿ ಅವತ್ತು ಬಾಯಿಗೆ ಬಂತು. ಸಂಘದವರು ಮುನಿಸಿಕೊಂಡರೆ ಆ ಕೆಲಸ ಹೋಗುತ್ತದೆ, ಪ್ರಿನ್ಸಿಪಾಲರು ಮುನಿಸಿಕೊಂಡರೆ ಈ ಕೆಲಸ ಹೋಗುತ್ತದೆ ಎಂದು ಹೆದರಿದ್ದೆ. ನನ್ನ ಹೆದರಿಕೆ ಅಷ್ಟೇ ಅಗಲದ್ದು.

ನೀನು ನನ್ನ ಮುಖ ನೋಡಿದೆ. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಯಾರೋ ಪರಿಚಯದವರೆಂದು ಕೂಗಿ ಕರೆದು, ಹತ್ತಿರ ಬಂದಾಗ ಬೇರೆಯವರೆಂದು ತಿಳಿದ ಹಾಗೆ ನೋಡಿದೆ.

“ಇರ್ಲಿ ಬಿಡ್ರಿ, ಸರ್,” ಎಂದೆ.

ಅದನ್ನು ಯಾರೂ ನನಗೆ ತೆಲುಗು ಮಾಡು ಎನ್ನಲಿಲ್ಲ. ತಪ್ಪು ಒಪ್ಪಿಕೊಂಡಿದ್ದಾಳೆ ಎಂದು ಬರೆದುಕೊಂಡರು. ಕಾಲೇಜಿನ ಕಡೆಯಿಂದ ಹೈದರಾಬಾದಿನಲ್ಲಿ ನಿನಗೆ ಗೊತ್ತು ಮಾಡಿದ್ದ ತರಬೇತಿಯ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರು. ಹೊರಗೆ ಬಂದಾಗ ಬೆಂಚಿನ ಮೇಲಿದ್ದ ನಿನ್ನ ಮಾವನಿಗೆ ಅಟೆಂಡರ್ ಹೇಳಿಯಾಗಿತ್ತು — ನಿಮ್ಮ ಹುಡುಗಿ ಒಪ್ಪಿಕೊಂಡಳು ಎಂದು. ಅವರು ನಿನಗಿಂತ ಮುಂದೆ ಮುಂದೆ ನಡೆದುಕೊಂಡು ಗೇಟು ದಾಟಿದರು. ನಾನು ಮೇಲಿನ ವರಾಂಡದಲ್ಲಿ ನಿಂತು ನೋಡಿದೆ. ಇಳಿದು ಬರಲು ಇಷ್ಟೇ ಇಷ್ಟು ಮೆಟ್ಟಿಲು. ಇಳಿಯಲಿಲ್ಲ.

ನೀನು ಕಾಲೇಜಿಗೆ ಮತ್ತೆ ಬರಲಿಲ್ಲ. ಪರೀಕ್ಷೆ ಬರೆಯಲಿಲ್ಲ ಎಂದು ಕೇಳಿದೆ. ನಿನ್ನ ಮಾವ ಮನೆಗೆ ಬೀಗ ಹಾಕಿ ಗದ್ವಾಲಿಗೆ ಹೋಗಿ ಇನ್ನೊಬ್ಬರ ಮಗ್ಗದಲ್ಲಿ ಕೂತರು, ನೀನೂ ನಿನ್ನವ್ವನೂ ಬೇರೆ ಬಾಡಿಗೆ ಮನೆ ಹಿಡಿದಿರಿ ಎಂದೂ ಕೇಳಿದೆ. ಎಲ್ಲವನ್ನೂ ಕೇಳಿದೆ. ಕೇಳುವುದು ಬಿಟ್ಟರೆ ನಾನು ಮಾಡಿದ ಒಂದೇ ಕೆಲಸವೆಂದರೆ, ಅಂದಿನಿಂದ ಪ್ರತಿ ವಿದ್ಯಾರ್ಥಿಯ ಹಾಳೆಯ ಮೇಲೂ ‘ಅಭ್ಯಾಸಕ್ಕೆ ಮಾತ್ರ’ ಎಂದು ಕಡ್ಡಾಯವಾಗಿ ಬರೆಸುವುದು. ಬರೆಯದಿದ್ದರೆ ಅಂಕ ಕಡಿಮೆ. ನಿನ್ನ ಬದುಕು ಕೆಡಿಸಿ, ಉಳಿದ ಮಕ್ಕಳಿಗೆ ನಿಯಮ ಮಾಡಿದ ಮೇಷ್ಟ್ರು ನಾನು.

ಈ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಆ ಸಾಲು ಯಾಕೆ ಸರ್, ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ, ಯಾರಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಿದಳು. ಬರೀ ಕುತೂಹಲದಿಂದ ಕೇಳಿದ್ದು. ಏನೂ ಆಗಿಲ್ಲ, ನಿಯಮ ಎಂದರೆ ನಿಯಮ ಎಂದೆ. ಹೇಳಿ ಕೂತುಬಿಟ್ಟೆ. ಮಂಡಿ ನೋವು ಎಂದು ಮಕ್ಕಳು ತಿಳಿದುಕೊಂಡರು. ಎಷ್ಟು ದಣಿದಿದ್ದೆ ಎಂದರೆ — ಸುಳ್ಳಿಗೂ ಮೈಯಲ್ಲಿ ಶಕ್ತಿ ಬೇಕಾಗುತ್ತದೆ, ಅದು ನನ್ನಲ್ಲಿ ತೀರಿಹೋಗಿತ್ತು.

ಅದೇ ವಾರ ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ಓದಿದವಳೊಬ್ಬಳು ಸಿಕ್ಕಳು. ನಿನ್ನ ಮದುವೆಯಾದದ್ದು, ನೀನು ಈಗ ಕೆ.ಟಿ. ದೊಡ್ಡಿ ಕಡೆ ಇರುವುದು ಹೇಳಿದಳು. ಮದುವೆಗೆ ಸೋದರಮಾವ ಬರಲಿಲ್ಲ ಸರ್, ಅದೊಂದೇ ಕೊರತೆ ಎಂದಳು. ನಿಮ್ಮ ಮನೆಗಳಲ್ಲಿ ಹುಡುಗಿ ಸೋದರಮಾವ ನೇಯ್ದ ಸೀರೆ ಉಟ್ಟು ಹಂದರಕ್ಕೆ ಬರಬೇಕು, ಅವನೇ ಕೈಹಿಡಿದು ಕರೆತರಬೇಕು. ನೀನು ಅಂಗಡಿಯಿಂದ ತಂದ ಸೀರೆ ಉಟ್ಟು ಬಂದೆಯಂತೆ. ನೇಕಾರರ ಮನೆಯ ಹುಡುಗಿಗೆ ಅಂಗಡಿ ಸೀರೆ ಎಂದು ಜನ ಬಾಯಿಗೆ ಸೆರಗು ಹಿಡಿದು ಮಾತಾಡಿದರಂತೆ. ನನ್ನ ಬಸ್ಸು ಬಂದು ನಿಂತಿತು, ಹೋಯಿತು, ನಾನು ಅಲ್ಲೇ ನಿಂತಿದ್ದೆ.

ಮುಂದಿನ ಭಾನುವಾರ ಗದ್ವಾಲಿಗೆ ಹೋದೆ. ಬಸ್ಸು ಕೃಷ್ಣೆ ದಾಟುವಾಗ ಇಳಿದು ಹಿಂದಿರುಗಿಬಿಡೋಣ ಎಂದು ಅನ್ನಿಸಿದ್ದು ನಿಜ. ಕೋಟೆಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆ. ನಿನ್ನ ಮಾವ ಮಗ್ಗದ ಮೇಲಿದ್ದರು. ಗುರುತು ಹಿಡಿದು, ಬರ್ರಿ ಮಾಸ್ತರ್ರ ಎಂದು ಚಾಪೆ ಹಾಸಿಸಿದರು. ಚಹಾ ತರಿಸಿದರು. ಆ ಚಹಾ ಕುಡಿಯುವ ಮುಂಚೆ ಹೇಳಿಬಿಡಬೇಕು ಎಂದು ಎಲ್ಲ ಹೇಳಿದೆ. ಬಸ್ಸಿನಲ್ಲಿ ಕಳಿಸಿದ್ದು, ತಿದ್ದುಪಡಿ ಬರೆಯದೆ ಹೋದದ್ದು, ಕೋಣೆಯೊಳಗೆ ನೀನು ಆಡಿದ್ದು, ನಾನು ಹೇಳಿದ್ದು.

ಅವರು ಮಗ್ಗ ನಿಲ್ಲಿಸಿದ್ದರು. ಎಳೆಗಳ ಮೇಲೆ ಅಂಗೈ ಇಟ್ಟರು.

“ಆಕಿ ಅವತ್ತ ಮನಿಗಿ ಬಂದು ಕಾಲ ಹಿಡದು ಹೇಳಿದ್ಳ್ರಿ, ನಾ ಕೊಟ್ಟಿಲ್ಲ ಮಾಮ ಅಂತ,” ಎಂದರು. “ಮತ್ತ ಯಾರು ಕೊಟ್ರು ಹೇಳು ಅಂದ್ನಿ. ಹೇಳ್ಲಿಲ್ಲ. ಎಷ್ಟ ಕೇಳಿದ್ರೂ ಹೇಳ್ಲಿಲ್ಲ. ಹೇಳ್ಲಿಲ್ಲಂದ್ರ ಈಕೀದೇ ಕೆಲಸ ಅಂತ ನಾ ತಿಳ್ಕೊಂಡ್ನಿ.”

ಕೋಣೆಯೊಳಗೆ ನನ್ನ ಮರ್ಯಾದೆ ಕಾಯ್ದವಳು ಮನೆಯಲ್ಲೂ ಕಾಯ್ದೆ. ಅದಕ್ಕೆ ನಾನು ಯೋಗ್ಯನಲ್ಲ ಎಂದು ನಿನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಯ್ದೆ. ಯಾಕೆ ಎಂದು ಕೇಳುವ ಹಕ್ಕು ನನಗಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಬೈಯಲಿ ಎಂದೇ ಹೋಗಿದ್ದೆ. ಈ ಮಾತನ್ನು ಯಾರಿಗೆ ಮೊದಲು ಹೇಳಿದಿರಿ ಎಂದು ಕೇಳಿದರು. ನಿಮಗೇ ಮೊದಲು ಎಂದೆ. ನನಗ್ಯಾಕ ಮೊದಲು, ಆಕಿಗಿ ಹೇಳಬೇಕಿತ್ತಲ್ಲ ಎಂದರು. ಅದೂ ನಿಜವೇ. ನಿನಗಿಂತ ಅವರ ಮುಂದೆ ನಿಲ್ಲುವುದು ನನಗೆ ಸುಲಭವಾಗಿ ಕಂಡಿತ್ತು. ಇಲ್ಲೂ ಸುಲಭದ್ದನ್ನೇ ಆರಿಸಿಕೊಂಡಿದ್ದೆ.

ನಾನು ಎದ್ದಾಗ ಅವರು ಬಾಗಿಲತನಕ ಬಂದರು. ಮಗ್ಗದ ಮೇಲಿದ್ದ ಹಸಿರು ಸೀರೆಯನ್ನು ತಿರುಗಿ ನೋಡಿ ಹೇಳಿದರು.

“ಆಕಿ ಸಣ್ಣಾಕಿದ್ದಾಗೇ ಬಣ್ಣ ಗೊತ್ತ ಮಾಡಿಟ್ಟಿದ್ನಿ, ಮಾಸ್ತರ್ರ. ಕುಂಕುಮದ ಒಡಲು, ಹಳದಿ ಅಂಚು. ಈಗ ಹಾಕ್ತೀನಂದ್ರ ಮಗ್ಗ ನಂದಲ್ಲ. ಹಾಕಿದ್ರೂ ಮದಿವಿ ಏನ್ ಮತ್ತ ಆಗಂಗೈತೇನ್ರಿ?”

ಅಲ್ಲಿಂದ ರೈಲು ಸ್ಟೇಷನ್ ತನಕ ನಡೆದುಕೊಂಡೇ ಬಂದೆ. ಬಸ್ಸಿಗೆ ಹೋಗಬೇಕಾದವನು ಸ್ಟೇಷನ್ನಿಗೆ ಯಾಕೆ ಹೋದೆನೋ. ಬೆಂಚಿನ ಮೇಲೆ ಕೂತು ಆಗಿನ ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಈಗ ನಿವೃತ್ತರು, ಮಗಳ ಮನೆಯಲ್ಲಿದ್ದಾರೆ. ನನ್ನ ಹೆಸರು ಹೇಳಿದ ಮೇಲೆ ಗುರುತು ಹಿಡಿದರು. ಸೀರೆ ಚೀಟಿಯ ಸುದ್ದಿ, ಒಬ್ಬ ಹುಡುಗಿ, ನಿಮ್ಮ ಕೋಣೆ ಎಂದು ನೆನಪಿಸಿದೆ. ಯಾವ ಹುಡುಗಿ, ನನಗೆ ನೆನಪಿಲ್ಲವಲ್ಲ ಎಂದರು.

ನಿನ್ನ ತಲೆಯ ಮೇಲೆ ಹೊರಿಸಿದ ಆ ತಪ್ಪನ್ನು ಬರೆದುಕೊಂಡವರಿಗೆ ಅದರ ನೆನಪೇ ಇಲ್ಲ. ಹೊತ್ತವಳು ನೀನು, ಹೊರಿಸಿದವನು ನಾನು — ನಮ್ಮಿಬ್ಬರಿಗೆ ಮಾತ್ರ. ಫೋನ್ ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಸಾರ್, ಅವತ್ತು ಆ ಹುಡುಗಿ ಕನ್ನಡದಲ್ಲಿ ಏನಂದಳು ಎಂದು ನೀವು ಕೇಳಿದಿರಿ, ಉತ್ತರ ಈಗ ಹೇಳುತ್ತೇನೆ ಎಂದೆ. ‘ನಾನು ನಿಮಗಷ್ಟೇ ಕೊಟ್ಟಿದ್ದೆ, ನೀವೇ ಹೇಳಿ’ ಎಂದಳು ಸಾರ್ ಎಂದು ತೆಲುಗಿನಲ್ಲಿ ಹೇಳಿದೆ. ಒಂದು ಶಬ್ದ ಸೇರಿಸಲಿಲ್ಲ, ಒಂದು ಶಬ್ದ ಬಿಡಲಿಲ್ಲ. ಆಮೇಲೆ ಅವರು, ಈಗ ಹೇಳಿ ಏನು ಪ್ರಯೋಜನ ಎಂದರು. ಪ್ರಯೋಜನವಿಲ್ಲ ಸಾರ್ ಎಂದೆ.

ಕಾಲೇಜಿಗೆ ಇದೆಲ್ಲವನ್ನೂ ಬರೆದು ನನ್ನ ಸಹಿ ಹಾಕಿ ಕೊಟ್ಟಿದ್ದೇನೆ. ಮುಂದಿನ ವರ್ಷ ನನ್ನನ್ನು ಕರೆಯಲಾರರು, ಕರೆಯದಿದ್ದರೇ ಸರಿ. ಅಂದು ನಿಂತುಹೋದ ಆ ತಿದ್ದುಪಡಿಯನ್ನು ಪೂರ್ತಿ ಬರೆದು ಕಾಶೀನಾಥನ ಕೈಗೆ ಕೊಟ್ಟಿದ್ದೇನೆ. ಇಷ್ಟು ಹಳೆಯದನ್ನು ಯಾವ ಡೆಸ್ಕೂ ಹಾಕುವುದಿಲ್ಲ ಎಂದು ಅವನು ತಲೆ ಕೆರೆದುಕೊಂಡ. ಹಾಕದಿದ್ದರೆ ನಿಮ್ಮ ಓಣಿಯ ಮನೆಮನೆಗೆ ನಾನೇ ಹೋಗಿ ಓದುತ್ತೇನೆ. ನಾಳೆ ತರಗತಿಯಲ್ಲಿ ಆ ಮುಂದಿನ ಬೆಂಚಿನ ಹುಡುಗಿಗೆ ಅವಳ ಪ್ರಶ್ನೆಯ ಉತ್ತರ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ, ನನ್ನದು ಹೇಳುತ್ತೇನೆ.

ಆ ತಿದ್ದುಪಡಿಯನ್ನು ನಾನು ಕಲಿಸಿದ ಹಾಗೇ ಬರೆದೆ. ಮೊದಲ ಸಾಲಿನಲ್ಲೇ ಸುದ್ದಿ. ಯಾರು — ನಾನು. ಏನು ಮಾಡಿದೆ, ಯಾರಿಗೆ ಮಾಡಿದೆ. ವಿಶೇಷಣವಿಲ್ಲ. ಕೊನೆಗೆ ಒಬ್ಬರ ಮಾತು ಇರಬೇಕಲ್ಲ, ನೋವುಂಡವರದು — ಆ ಜಾಗಕ್ಕೆ ಬಂದಾಗ ಕೈ ತಾನಾಗಿ ಬರೆಯಲು ಹೊರಟಿತು. ‘ಕ್ಷಮಿಸಿದ್ದೇನೆ ಎಂದು ಗಿರಿಜಾ...’ ಇಷ್ಟು ಬರೆದಿದ್ದೆ, ನೋಡು. ಹೊಡೆದುಹಾಕಿದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆದೆ, ನಡುವೆ ನಿಂತು ಬೇರೆ ಹೇಳುವವರು ಯಾರೂ ಇರಬಾರದೆಂದು. ಉತ್ತರ ಬರೆಯಬೇಕಾಗಿಲ್ಲ. ನೀನು ಏನೂ ಹೇಳದಿದ್ದರೆ, ಗಿರಿಜಾ ಏನೂ ಹೇಳಲಿಲ್ಲ ಎಂದೇ ಹೇಳುತ್ತೇನೆ.